‘ಫ್ಯಾಸಿನೇಟಿಂಗ್’ ಪದವನ್ನು ಎಲ್ಲಿ, ಹೇಗೆ ಬಳಸೋದು: ಕಲಬುರಗಿಯ ಇಂಗ್ಲಿಷ್ ಕ್ಲಾಸಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಡಿಗ್ರಿ ಮುಗಿಸಿದ ವರ್ಷ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಎದುರಿಗೆ ಮೂರು ಜನ. ನಡುವೆ ಕೂತವರು ನಿಮಗೆ ಯಾವುದರಲ್ಲಿ ಆಸಕ್ತಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಹಿಂದಿನ ರಾತ್ರಿ ಡಿಕ್ಷನರಿ ತಿರುವಿ ಒಂದು ಭಾರಿ ಪದ ಹೆಕ್ಕಿ ಇಟ್ಟುಕೊಂಡಿದ್ದೆ. ಎದೆ ಸೆಟೆಸಿ ಹೇಳಿದೆ: "ಐ ಆಮ್ ವೆರಿ ಫ್ಯಾಸಿನೇಟಿಂಗ್ ಇನ್ ಹಿಸ್ಟರಿ."

ಮೂವರಲ್ಲಿ ಒಬ್ಬರು ತಲೆ ತಗ್ಗಿಸಿ ಕಾಗದ ನೋಡುವ ನೆಪದಲ್ಲಿ ನಕ್ಕರು. ಯಾಕೆ ನಕ್ಕರು ಅಂತ ವಾಪಸ್ ಬರುವ ರೈಲು ವಾಡಿ ದಾಟಿ ಶಹಾಬಾದ್ ಬಂದರೂ ನನಗೆ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು. ನಾನು ಹೇಳಿದ್ದರ ಅರ್ಥ ಸುಮಾರಾಗಿ ಹೀಗಿತ್ತು: "ಚರಿತ್ರೆಯ ವಿಷಯದಲ್ಲಿ ನಾನು ಜನರನ್ನು ಭಾರಿ ಮರುಳು ಮಾಡುವ ಆಸಾಮಿ."

ಈಗ ಕಲಬುರಗಿಯಲ್ಲಿ ಸಂಜೆ ಹೊತ್ತು ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಆಳಂದ, ಸೇಡಂ, ಜೇವರ್ಗಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಇರುವವರೇ ಜಾಸ್ತಿ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದೇ ಪದಕ್ಕೆ ಇದೇ ರೀತಿ ಎಡವುತ್ತಾರೆ. ಅದಕ್ಕೇ ಈ ಒಂದೇ ಪದಕ್ಕೆ ಇಷ್ಟು ಉದ್ದದ ಬರಹ. ಓದೋಕೆ ಪುರುಸೊತ್ತು ಇಲ್ಲದಿದ್ದರೆ ನೇರ ಮೂರನೇ ಹಂತಕ್ಕೆ ಹೋಗಿ, ಮುಕ್ಕಾಲು ತಪ್ಪು ಅಲ್ಲೇ ಇರುತ್ತದೆ.

ಹಂತ 1: ‘ಮನಮೋಹಕ’ ಅನ್ನೋ ಅರ್ಥವನ್ನು ಸ್ವಲ್ಪ ಪಕ್ಕಕ್ಕಿಡಿ

ಇಂಗ್ಲಿಷ್–ಕನ್ನಡ ಡಿಕ್ಷನರಿ ತೆಗೆದರೆ ‘ಫ್ಯಾಸಿನೇಟಿಂಗ್’ ಎದುರಿಗೆ ಮನಮೋಹಕ, ಆಕರ್ಷಕ ಅಂತ ಇರುತ್ತದೆ. ತಪ್ಪೇನಿಲ್ಲ. ಆದರೆ ಕನ್ನಡದಲ್ಲಿ ಮನಮೋಹಕ ಅಂದ ಕೂಡಲೇ ನಮಗೆ ಕಾಣೋದು ಚೆಲುವು. ಬೆಟ್ಟ, ಜಲಪಾತ, ಮದುಮಗಳು. ಫ್ಯಾಸಿನೇಟಿಂಗ್ ಅನ್ನೋದಕ್ಕೆ ಚೆಲುವು ಬೇಕೇ ಬೇಕು ಅಂತಿಲ್ಲ. ಹೊಲದ ಬದುವಿನಲ್ಲಿ ನಾಗರಹಾವು ಹೆಡೆ ಎತ್ತಿ ನಿಂತಿದೆ ಅಂದುಕೊಳ್ಳಿ. ಕಾಲು ನಡುಗುತ್ತದೆ, ಆದರೂ ಕಣ್ಣು ಕೀಳೋಕೆ ಆಗೋದಿಲ್ಲ, ಅಲ್ವಾ? ಅದು ಫ್ಯಾಸಿನೇಟಿಂಗ್. ಜೇಡ ಬಲೆ ನೇಯೋದು ಹಾಗೇ. ಹಳೆಯ ಕೋರ್ಟ್ ಕೇಸಿನ ಕಥೆ, ಒಂದು ಊರಿನ ಹೆಸರು ಬದಲಾದ ಬಗೆ, ಇರುವೆ ಗೂಡು, ಎಲ್ಲವೂ ಫ್ಯಾಸಿನೇಟಿಂಗ್ ಆಗಬಹುದು.

ನಾನು ಕ್ಲಾಸಿನಲ್ಲಿ ಕೊಡುವ ಅರ್ಥ ಇಷ್ಟೇ: ಗಮನ ಹಿಡಿದು ಬಿಡದೇ ಇರುವಂಥದ್ದು. ‘ನೋಡಿದ್ದೇ ನೋಡಿದ್ದು, ಕೇಳಿದ್ದೇ ಕೇಳಿದ್ದು’ ಅಂತೀವಲ್ಲ, ಆ ಸ್ಥಿತಿಗೆ ತರುವಂಥದ್ದು.

ಹಂತ 2: ಪದದ ಬೇರು ನೋಡಿ, ಅಲ್ಲಿ ನಿಮ್ಮ ಆಯಿ ಸಿಗುತ್ತಾಳೆ

ನಾನು ಚಿಕ್ಕವನಿದ್ದಾಗ ಜಾತ್ರೆಗೆ ಹೋಗಿ ಬಂದ ರಾತ್ರಿ ಜ್ವರ ಬಂದರೆ ಆಯಿ ಡಾಕ್ಟರ ಹೆಸರು ಎತ್ತುತ್ತಿರಲಿಲ್ಲ. "ಕೂಸಿಗಿ ನದರ ಆಗ್ಯಾದ" ಅಂತ ಒಂದು ಮುಷ್ಟಿ ಉಪ್ಪು, ನಾಲ್ಕು ಒಣ ಮೆಣಸಿನಕಾಯಿ ತೆಗೆದುಕೊಂಡು ಮುಖದ ಸುತ್ತ ಇಳಿಸಿ ಒಲೆಗೆ ಹಾಕುತ್ತಿದ್ದಳು. ಉಪ್ಪು ಚಟಪಟ ಅಂದರೆ ಕೆಟ್ಟ ಕಣ್ಣು ಸುಟ್ಟಿತು ಅಂತ ಲೆಕ್ಕ.

ಫ್ಯಾಸಿನೇಟ್ ಪದ ಹುಟ್ಟಿದ್ದೂ ಇಂಥದ್ದೇ ನಂಬಿಕೆಯಿಂದ. ಲ್ಯಾಟಿನ್ ಭಾಷೆಯಲ್ಲಿ ‘ಫ್ಯಾಸಿನಮ್’ ಅಂದರೆ ಮಾಟ, ಕೆಟ್ಟ ಕಣ್ಣಿನ ಕಾಟ. ಆ ಕಾಟದಿಂದ ಕಾಯಲಿ ಅಂತ ರೋಮನ್ನರು ಕಟ್ಟಿಕೊಳ್ಳುತ್ತಿದ್ದ ತಾಯತಕ್ಕೂ ಅದೇ ಹೆಸರು. ಅದರಿಂದ ಬಂದ ಕ್ರಿಯಾಪದಕ್ಕೆ ‘ಮಾಟ ಮಾಡು, ಕಟ್ಟಿಹಾಕು’ ಅನ್ನೋ ಅರ್ಥ. ಇಂಗ್ಲಿಷಿಗೆ ಅದು 16ನೇ ಶತಮಾನದ ಕೊನೆಯ ಹೊತ್ತಿಗೆ ಬಂತು. ಆಗ ಅದು ಹೊಗಳಿಕೆಯ ಮಾತಾಗಿರಲಿಲ್ಲ. ಹಾವು ತನ್ನ ಕಣ್ಣಿನಿಂದಲೇ ಹಕ್ಕಿಯನ್ನು ಅಲ್ಲಾಡದ ಹಾಗೆ ಮಾಡುತ್ತದೆ ಅಂತ ಜನ ನಂಬಿದ್ದರು, ಅದಕ್ಕೂ ಇದೇ ಪದ ಬಳಸುತ್ತಿದ್ದರು. ಮಾಟದ ಭಯ ಸವೆಯುತ್ತಾ ಬಂದು, ಈಗ ‘ಗಮನ ಕಟ್ಟಿಹಾಕುವ’ ಅನ್ನೋದಷ್ಟೇ ಉಳಿದಿದೆ.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಅಂದ್ರ ಸರ್, ನದರ ಹಾಕೋದು ಫ್ಯಾಸಿನೇಟಿಂಗ್, ನದರ ಆಗಿದ್ದು ಫ್ಯಾಸಿನೇಟೆಡ್ ಏನ್ರಿ?"

ನನ್ನ ಮೂರನೇ ಹಂತವನ್ನು ಅವನೇ ಹೇಳಿಬಿಟ್ಟ.

ಹಂತ 3: ‘ಇಂಗ್’ ಯಾವುದು, ‘ಎಡ್’ ಯಾವುದು

ಇಲ್ಲಿ ನಿಧಾನವಾಗಿ ಓದಿ. ನಾನು ಇಂಟರ್‌ವ್ಯೂನಲ್ಲಿ ಬಿದ್ದಿದ್ದು ಇದೇ ಗುಂಡಿಗೆ.

ಈ ಜೋಡಿ ಕನ್ನಡದಲ್ಲಿ ಆಗಲೇ ಇದೆ. ‘ಬೇಸರ ತರುವ ಭಾಷಣ’ ಮತ್ತು ‘ಬೇಸರಗೊಂಡ ಜನ’. ‘ಹೆದರಿಸುವ ನಾಯಿ’ ಮತ್ತು ‘ಹೆದರಿದ ಹುಡುಗ’. ಇವನ್ನು ನಾವು ಯಾರೂ ಅದಲು ಬದಲು ಮಾಡೋದಿಲ್ಲ. ‘ಹೆದರಿಸುವ ಹುಡುಗ’ ಅಂದರೆ ಬೇರೆಯೇ ಕಥೆ ಆಗುತ್ತದೆ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷಿನ ‘ಇಂಗ್’ ನಮ್ಮ ‘ಮಾಡುವ’. ‘ಎಡ್’ ನಮ್ಮ ‘ಆದ’.

ಫ್ಯಾಸಿನೇಟಿಂಗ್ = ಮರುಳು ಮಾಡುವ.
ಫ್ಯಾಸಿನೇಟೆಡ್ = ಮರುಳಾದ.

ಕೋಟೆ, ಕಥೆ, ಹಾವು, ಪಾಠ, ಮನುಷ್ಯ, ಯಾವುದು ಗಮನ ಎಳೆಯುತ್ತದೋ ಅದಕ್ಕೆ ‘ಇಂಗ್’. ಯಾರ ಗಮನ ಎಳೆದುಕೊಂಡು ಹೋಯಿತೋ ಅವರಿಗೆ ‘ಎಡ್’.

"ದಿ ಫೋರ್ಟ್ ಈಸ್ ಫ್ಯಾಸಿನೇಟಿಂಗ್." ಕೋಟೆ ಮರುಳು ಮಾಡುತ್ತದೆ.
"ಐ ಆಮ್ ಫ್ಯಾಸಿನೇಟೆಡ್ ಬೈ ದಿ ಫೋರ್ಟ್." ಕೋಟೆಗೆ ನಾನು ಮರುಳಾಗಿದ್ದೇನೆ.

ಹಾಗಾದರೆ ಮನುಷ್ಯರಿಗೆ ‘ಇಂಗ್’ ಬಳಸೋ ಹಾಗೇ ಇಲ್ವಾ? ಇದೆ. "ಶಿ ಈಸ್ ಎ ಫ್ಯಾಸಿನೇಟಿಂಗ್ ವುಮನ್" ಅಂದರೆ ಆಕೆಯ ಮಾತು, ಬದುಕು, ಅನುಭವ ಕೇಳುತ್ತಾ ಕೂತರೆ ಏಳೋಕೆ ಮನಸ್ಸಾಗೋದಿಲ್ಲ ಅಂತ. ಬೇರೆಯವರ ಬಗ್ಗೆ ಧಾರಾಳವಾಗಿ ಹೇಳಿ. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಮಾತ್ರ ತಮ್ಮ ಮದುವೆಯಲ್ಲಿ ತಾವೇ ಆರತಿ ಎತ್ತಿಕೊಂಡ ಹಾಗೆ.

ಇಷ್ಟು ಸುಲಭ ಇದ್ದರೂ ನಾವು ಯಾಕೆ ಎಡವುತ್ತೇವೆ? ನನಗೆ ತೋಚುವ ಕಾರಣ ಎರಡು. ಒಂದು, ನಾವು ಕನ್ನಡ ಮಾತಾಡುವಾಗಲೇ ‘ನನಗೆ ಹಿಸ್ಟರಿ ಇಂಟರೆಸ್ಟಿಂಗ್’, ‘ಅವನಿಗೆ ಭಾಳ ಬೋರಿಂಗ್ ಆಯ್ತು’ ಅಂತ ‘ಇಂಗ್’ ಪದಗಳನ್ನೇ ಬೆರೆಸಿಕೊಂಡಿದ್ದೇವೆ. ಕನ್ನಡದೊಳಗೆ ಅದು ಸರಾಗ. ಇಂಗ್ಲಿಷಿಗೆ ಹೋಗುವಾಗಲೂ ಅದೇ ಗಂಟು ಹೊತ್ತು ಹೋಗುತ್ತೇವೆ. ಎರಡನೆಯದು ಈ ‘ನನಗೆ’. ಕನ್ನಡದಲ್ಲಿ ಅನಿಸೋದೆಲ್ಲ ‘ನನಗೆ’ ಅನಿಸೋದು. ಇಂಗ್ಲಿಷ್ ಮಾಡುವಾಗ ಆ ‘ನನಗೆ’ ಹೋಗಿ ‘ಐ ಆಮ್’ ಆಗಿಬಿಡುತ್ತದೆ. ಹಿಂದೆಯೇ ಬಾಯಿಗೆ ರೂಢಿಯಾದ ‘ಇಂಗ್’ ಬಂದು ಕೂರುತ್ತದೆ. ಮುಗೀತು.

ಇದಕ್ಕೊಂದು ಅಡ್ಡದಾರಿ ಇದೆ. ಮನಸ್ಸಿನಲ್ಲಿ ‘ನನಗೆ ಅದು ... ಅನಿಸುತ್ತದೆ’ ಅಂತ ಬಂದರೆ, ಬಾಯಲ್ಲಿ "ಐ ಫೈಂಡ್ ಇಟ್ ಫ್ಯಾಸಿನೇಟಿಂಗ್" ಅನ್ನಿ. ‘ಐ’ ಮೊದಲಿಗೇ ಬರುತ್ತದೆ, ‘ಇಂಗ್’ ಕೂಡ ಉಳಿಯುತ್ತದೆ, ತಪ್ಪೂ ಆಗೋದಿಲ್ಲ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆ ವಾಕ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಇಂಟರ್‌ವ್ಯೂನಲ್ಲಿ "ಐ ಫೈಂಡ್ ಹಿಸ್ಟರಿ ಫ್ಯಾಸಿನೇಟಿಂಗ್" ಅಂದಿದ್ದರೆ ಯಾರೂ ನಗುತ್ತಿರಲಿಲ್ಲ.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಇಟ್ ಈಸ್ ಫ್ಯಾಸಿನೇಟಿಂಗ್ ಮಿ" ಅಂತ ಕೆಲವರು ಹೇಳುತ್ತಾರೆ. ಬೇಡ. "ಇಟ್ ಫ್ಯಾಸಿನೇಟ್ಸ್ ಮಿ" ಅನ್ನಿ.

ಹಂತ 4: ಹಿಂದೆ ಯಾವ ಬಾಲ ಹಚ್ಚೋದು

ಫ್ಯಾಸಿನೇಟೆಡ್ ಆದಮೇಲೆ ‘ಬೈ’ ಅಥವಾ ‘ವಿತ್’. ‘ಇನ್’ ಅಲ್ಲ. ‘ಇಂಟರೆಸ್ಟೆಡ್ ಇನ್’ ಅಂತ ಶಾಲೆಯಲ್ಲಿ ಉರು ಹೊಡೆದದ್ದು ಇಲ್ಲಿ ಕೈಕೊಡುತ್ತದೆ. ‘ಬೈ’ ಎಲ್ಲ ಕಡೆ ನಡೆಯುತ್ತದೆ. ‘ವಿತ್’ ಹಾಕಿದರೆ ಅದರ ಗುಂಗಿನಲ್ಲೇ ಇದ್ದಾನೆ ಅನ್ನೋ ಛಾಯೆ ಸ್ವಲ್ಪ ಬರುತ್ತದೆ. ಯಾವುದು ಹಾಕಲಿ ಅಂತ ಅನುಮಾನ ಬಂದರೆ ‘ಬೈ’ ಹಾಕಿ ಮುಂದೆ ಹೋಗಿ.

ಹೊಸ ಸಂಗತಿ ಕೇಳಿ ಬೆರಗಾದರೆ "ಐ ವಾಸ್ ಫ್ಯಾಸಿನೇಟೆಡ್ ಟು ಲರ್ನ್ ದಟ್..." ಅಂತ ಶುರು ಮಾಡಬಹುದು. ಫ್ಯಾಸಿನೇಟಿಂಗ್ ಜೊತೆ ಯಾರಿಗೆ ಅಂತ ಹೇಳಬೇಕಾದರೆ ‘ಟು ಮಿ’. ಅಷ್ಟೇ.

ಹಂತ 5: ‘ವೆರಿ’ಯನ್ನು ಮನೆಯಲ್ಲೇ ಬಿಟ್ಟು ಬನ್ನಿ

ಈ ಪದ ಮೊದಲೇ ಖಾರ. ಅದರ ಮೇಲೆ ‘ವೆರಿ’ ಉದುರಿಸೋದು ಕೆಂಪು ಖಾರದ ಚಟ್ನಿಗೆ ಮತ್ತೆ ಮೆಣಸಿನಪುಡಿ ಹಾಕಿದಂತೆ. ‘ವೆರಿ ಫ್ಯಾಸಿನೇಟಿಂಗ್’ ವ್ಯಾಕರಣದಲ್ಲಿ ತಪ್ಪಲ್ಲ, ಆದರೆ ಸಪ್ಪೆಯಾಗಿ ಕೇಳುತ್ತದೆ. ಒತ್ತು ಬೇಕೇ ಬೇಕಿದ್ದರೆ ‘ಅಬ್ಸಲ್ಯೂಟ್ಲಿ ಫ್ಯಾಸಿನೇಟಿಂಗ್’ ಅಥವಾ ‘ರಿಯಲಿ ಫ್ಯಾಸಿನೇಟಿಂಗ್’ ಅನ್ನಿ. ‘ಎ ಬಿಟ್ ಫ್ಯಾಸಿನೇಟಿಂಗ್’ ಅಂತ ಮಾತ್ರ ಹೇಳಬೇಡಿ. ಸ್ವಲ್ಪ ಹುಚ್ಚು ಹಿಡಿದಿದೆ ಅಂದ ಹಾಗಿರುತ್ತದೆ. ಸ್ವಲ್ಪವೇ ಆಸಕ್ತಿ ಇದ್ದರೆ ‘ಇಂಟರೆಸ್ಟಿಂಗ್’ ಸಾಕಲ್ಲ.

ಹಂತ 6: ಪದ ಹೇಳಿದ ಮೇಲೆ ಕಾರಣ ಕೊಡಿ

ವ್ಯಾಕರಣ ಸರಿ ಇದ್ದೂ ಮಾತು ಪೊಳ್ಳಾಗೋದು ಇಲ್ಲಿ. ‘ಗುಡ್’ ಅಂದರೆ ಕೇಳಿದವರು ಸುಮ್ಮನಿರುತ್ತಾರೆ. ‘ಫ್ಯಾಸಿನೇಟಿಂಗ್’ ಅಂದರೆ ‘ಹೌದಾ, ಏನದು?’ ಅಂತ ಕಿವಿ ನಿಮಿರಿಸುತ್ತಾರೆ. ಆಗ ನಿಮ್ಮ ಹತ್ತಿರ ಹೇಳೋಕೆ ಒಂದು ವಿವರ ಇರಬೇಕು. ಇಲ್ಲದಿದ್ದರೆ ಊಟಕ್ಕೆ ಕರೆದು ಒಲೆ ಹಚ್ಚದೇ ಕೂತ ಹಾಗೆ.

ಇದಕ್ಕೆ ಒಂದು ಬ್ಯಾಚನ್ನು ಬೀದರಿಗೇ ಕರೆದುಕೊಂಡು ಹೋಗಿದ್ದೆ. ಬಿದರಿ ಕೆಲಸ ಮಾಡುವವರ ಅಂಗಡಿಯಲ್ಲಿ ಅರ್ಧ ದಿನ ಕೂತೆವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿದ್ದರು, ಗೆರೆ ಕಾಣಲಿ ಅಂತ. ಕುಶಲಕರ್ಮಿ ಸಣ್ಣ ಉಳಿ ಹಿಡಿದು ಬಳ್ಳಿ ಕೆತ್ತುತ್ತಿದ್ದರು. ಅಚ್ಚಿಲ್ಲ, ಅಳತೆ ಪಟ್ಟಿ ಇಲ್ಲ. ಆ ಗೆರೆಯೊಳಗೆ ಕೂದಲಿನಂಥ ಬೆಳ್ಳಿ ತಂತಿ ಇಟ್ಟು ಟಕ್ ಟಕ್ ಅಂತ ಬಡಿದು ಕೂರಿಸಿದರು. ಮತ್ತೆ ಉಜ್ಜಿದಾಗ ಇಡೀ ಹೂಜಿ ಬೂದು ಬಣ್ಣ. ಬೆಳ್ಳಿ ಎಲ್ಲಿ, ಲೋಹ ಎಲ್ಲಿ ಅಂತ ಗೊತ್ತೇ ಆಗೋದಿಲ್ಲ. ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ, ಹೂಜಿ ಬಿಸಿ ಮಾಡಿ ಅದಕ್ಕೆ ಉಜ್ಜಿದರು. ನೋಡನೋಡುತ್ತಿದ್ದಂತೆ ಲೋಹ ಇದ್ದಿಲಿನ ಹಾಗೆ ಕಪ್ಪಾಯಿತು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯಿತು. ಮಣ್ಣು ಸರಿ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ ಅಂತ ಒಬ್ಬಳು ಕೇಳಿದಳು. ಅವರು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಚ್ಚಿಕೊಂಡು ತೋರಿಸಿದರು.

ಹೊರಗೆ ಬಂದು ಚಹಾ ಕುಡಿಯುವಾಗ ಎಲ್ಲರೂ ಒಂದೊಂದು ವಾಕ್ಯ ಹೇಳಬೇಕು ಅಂದೆ. ಮೊದಲನೆಯವ "ಬಿದ್ರಿವೇರ್ ಈಸ್ ಫ್ಯಾಸಿನೇಟಿಂಗ್" ಅಂದ. ತಪ್ಪಿಲ್ಲ, ಆದರೆ ಇದನ್ನು ಬೀದರಿಗೆ ಬರದೇನೇ ಹೇಳಬಹುದಿತ್ತು. ಮಣ್ಣಿನ ಪ್ರಶ್ನೆ ಕೇಳಿದವಳು ಹೇಳಿದ್ದು ಹೀಗಿತ್ತು: "ವಾಟ್ ಐ ಫೌಂಡ್ ಫ್ಯಾಸಿನೇಟಿಂಗ್ ವಾಸ್ ದಟ್ ಹಿ ಟೇಸ್ಟೆಡ್ ದಿ ಸಾಯಿಲ್." ನನ್ನನ್ನು ಹಿಡಿದಿಟ್ಟ ಸಂಗತಿ ಅಂದರೆ ಅವರು ಮಣ್ಣಿನ ರುಚಿ ನೋಡಿದ್ದು.

ಈ ಸಾಲಿನ ಕಟ್ಟು ಬಾಯಿಪಾಠ ಮಾಡಿಕೊಳ್ಳಿ. ‘ವಾಟ್ ಐ ಫೈಂಡ್ ಫ್ಯಾಸಿನೇಟಿಂಗ್ ಈಸ್ ದಟ್...’ ಅಂತ ಶುರು ಮಾಡಿದರೆ ವಿವರ ಹೇಳದೇ ವಾಕ್ಯ ಮುಗಿಸೋಕೇ ಆಗೋದಿಲ್ಲ. ಇದರ ತಂಗಿ ಇನ್ನೊಂದಿದೆ: ‘ಇಟ್ಸ್ ಫ್ಯಾಸಿನೇಟಿಂಗ್ ಹೌ...’ ಹೇಗೆ ಅನ್ನೋದನ್ನು ಹೇಳಲೇಬೇಕು.

ವಿವರಕ್ಕೆ ದೂರ ಹೋಗಬೇಕಾಗಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿ ಗೊತ್ತಲ್ಲ? 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ಕೆಳಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಒಬ್ಬ ರಾಜನ ಶಿಲ್ಪ, ಅದರ ಹತ್ತಿರ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಅಂತ ಹೆಸರು. "ಸನ್ನತಿ ಈಸ್ ಎ ಫ್ಯಾಸಿನೇಟಿಂಗ್ ಪ್ಲೇಸ್" ಅಂತ ಹೇಳಿ ಸುಮ್ಮನಾಗಬೇಡಿ. ಹಿಂದೆಯೇ ಮಾಳಿಗೆ ಕುಸಿದ ಕಥೆ ಬರಲಿ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಬಯಲು ಅಂಗಳ ಇರುತ್ತದೆ, ಇಲ್ಲಿ ಪೂರ್ತಿ ಛಾವಣಿ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು. ಹಾಗಾಗಿ: "ಇಟ್ಸ್ ಫ್ಯಾಸಿನೇಟಿಂಗ್ ದಟ್ ದಿ ಮಾಸ್ಕ್ ಹ್ಯಾಸ್ ನೋ ಓಪನ್ ಕೋರ್ಟ್‌ಯಾರ್ಡ್." ಅದರಲ್ಲೇನು ವಿಶೇಷ ಅಂತ ಕೇಳಿದವರಿಗೆ ಹೇಳೋಕೆ ನಿಮ್ಮ ಹತ್ತಿರ ಮಾತಿದೆ.

ಹಂತ 7: ನೆಂಟ ಪದಗಳನ್ನು ಗುರುತಿಟ್ಟುಕೊಳ್ಳಿ

ಫ್ಯಾಸಿನೇಟಿಂಗ್ ಒಂದನ್ನೇ ಎಲ್ಲದಕ್ಕೂ ತುರುಕಿದರೆ ಅದರ ಬೆಲೆ ಇಳಿಯುತ್ತದೆ. ಅಕ್ಕಪಕ್ಕದ ಪದಗಳನ್ನೂ ನೋಡಿ.

ಇಂಟರೆಸ್ಟಿಂಗ್ ಅಂದರೆ ಗಮನ ಹೋಗುತ್ತದೆ, ವಾಪಸ್ಸೂ ಬರುತ್ತದೆ. ದಿನಬಳಕೆಗೆ ಇದೇ.

ಇಂಟ್ರೀಗಿಂಗ್ ಅನ್ನೋದರಲ್ಲಿ ಒಂದು ಗಂಟು ಬಿಚ್ಚದೇ ಉಳಿದಿರುತ್ತದೆ. ಬೀದರಿನ ನೌಬಾದ್ ಕಡೆ ಬಾವಿಯಂಥ ತೂತುಗಳು ಸಾಲಾಗಿ ಕಾಣುತ್ತವೆ. ಇಷ್ಟು ಹತ್ತಿರ ಹತ್ತಿರ ಯಾರು ಬಾವಿ ತೋಡುತ್ತಾರೆ? ಆ ಪ್ರಶ್ನೆ ಇಂಟ್ರೀಗಿಂಗ್. ಅವು ಕರೇಜ್ ಅನ್ನೋ ನೆಲದಡಿಯ ಕಾಲುವೆಯ ಗಾಳಿಕಿಂಡಿಗಳು, ಬಹಮನಿ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು ಕಟ್ಟಿದ್ದು, ಇಳಿಜಾರಿನಲ್ಲೇ ನೀರು ಹರಿದು ಬರುತ್ತದೆ ಅಂತ ತಿಳಿದ ಮೇಲೆ ಅದು ಫ್ಯಾಸಿನೇಟಿಂಗ್. ನನ್ನ ಮಟ್ಟಿಗೆ ಇವೆರಡರ ಫರಕು ಇದು: ಇಂಟ್ರೀಗಿಂಗ್ ಉತ್ತರಕ್ಕೆ ಮುಂಚೆ, ಫ್ಯಾಸಿನೇಟಿಂಗ್ ಉತ್ತರ ಸಿಕ್ಕ ಮೇಲೂ.

ಚಾರ್ಮಿಂಗ್ ಅಂದರೆ ಹಿತವಾದ ಚೆಲುವು, ನಯವಾದ ನಡತೆ. ನಾಗರಹಾವಿಗೆ ಇದು ಬೇಡ. ಕ್ಯಾಪ್ಟಿವೇಟಿಂಗ್ ಒಳಗೆ ಸೆರೆ ಹಿಡಿಯೋ ಅರ್ಥ ಇದೆ. ಹಾಡುಗಾರಿಕೆ, ಕಥೆ ಹೇಳೋದು, ಬಯಲಾಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೆಸ್ಮರೈಸಿಂಗ್ ಬಂದಿದ್ದು 18ನೇ ಶತಮಾನದ ವೈದ್ಯ ಫ್ರಾನ್ಜ್ ಆಂಟನ್ ಮೆಸ್ಮರ್ ಹೆಸರಿನಿಂದ. ತಲೆ ಖಾಲಿಯಾಗಿ ಸುಮ್ನೆ ನೋಡುತ್ತಾ ಕೂರುವ ಸ್ಥಿತಿಗೆ ಅದು. ಫ್ಯಾಸಿನೇಟಿಂಗ್‌ನಲ್ಲಿ ತಲೆ ಓಡುತ್ತಲೇ ಇರುತ್ತದೆ.

ಹಂತ 8: ಉಚ್ಚಾರ, ಸ್ಪೆಲಿಂಗ್

ಒತ್ತು ಮೊದಲ ‘ಫ್ಯಾ’ ಮೇಲೆ. ‘ಫ್ಯಾ-ಸಿ-ನೇ-ಟಿಂಗ್’. ‘ಪ್ಯಾಶಿನೇಟಿಂಗ್’ ಅಂದರೆ ಪ್ಯಾಶನ್ ಅನ್ನೋ ಬೇರೆ ಪದದ ನೆನಪಾಗುತ್ತದೆ. ಬರೆಯುವಾಗ ‘ಎಸ್’ ಆದಮೇಲೆ ‘ಸಿ’ ಬರುತ್ತದೆ, ಬಾಯಲ್ಲಿ ಅದು ಬೇರೆಯಾಗಿ ಕೇಳೋದಿಲ್ಲ. ಸೈನ್ಸ್, ಸೀನ್ ಪದಗಳಲ್ಲಿ ಇರುವ ಹಾಗೇ. ಎರಡು ‘ಎಸ್’ ಬರೆಯೋದು ಸಾಮಾನ್ಯ ತಪ್ಪು.

ಹಂತ 9: ಎಲ್ಲಿ ಬಾಯಿ ಬಿಗಿಹಿಡಿಯಬೇಕು

ಯಾರದೋ ಮನೆಯ ಸಾವು, ಅಪಘಾತ, ಕಾಯಿಲೆ ಕೇಳಿ ‘ಫ್ಯಾಸಿನೇಟಿಂಗ್’ ಅನ್ನಬೇಡಿ. ಎದುರಿಗಿದ್ದವರ ನೋವು ನಿಮಗೆ ತಮಾಷೆಯ ವಸ್ತು ಆದ ಹಾಗೆ ಕೇಳುತ್ತದೆ. ನಿಮ್ಮ ಸ್ಕ್ಯಾನ್ ನೋಡಿ ಡಾಕ್ಟರು ‘ಫ್ಯಾಸಿನೇಟಿಂಗ್ ಕೇಸ್’ ಅಂದರೆ ಹೇಗನಿಸೀತು ಯೋಚಿಸಿ.

ಸೀರೆ ತೋರಿಸಿ ಹೇಗಿದೆ ಅಂತ ಕೇಳಿದವರಿಗೂ ಇದು ಉತ್ತರ ಅಲ್ಲ. ‘ಬ್ಯೂಟಿಫುಲ್’ ಅನ್ನಿ, ಖುಷಿ ಪಡುತ್ತಾರೆ.

ಮತ್ತೆ, ದನಿ ಎಳೆದು ಮುಖ ಸಪ್ಪಗೆ ಮಾಡಿ ‘ಹೌ ಫ್ಯಾಸಿನೇಟಿಂಗ್’ ಅಂದರೆ ಅದು ಹೊಗಳಿಕೆ ಅಲ್ಲ, ‘ಸಾಕು ಮಾಡಪ್ಪಾ’ ಅಂತ. ನಾವು ‘ಆಹಾ, ಎಂಥಾ ಮಾತಾಡಿದ್ರಿ’ ಅಂತ ಚುಚ್ಚೋದಿಲ್ವಾ, ಹಾಗೆ. ಯಾರಾದರೂ ನಿಮಗೆ ಹಾಗೆ ಹೇಳಿದರೆ ಥ್ಯಾಂಕ್ಯೂ ಅನ್ನೋ ಮೊದಲು ಅವರ ಮುಖ ನೋಡಿ.

ಹಂತ 10: ಒಂದು ವಾರದ ಅಭ್ಯಾಸ

ದಿನಕ್ಕೆ ಒಂದೇ ವಾಕ್ಯ. ಅವತ್ತು ನಿಮ್ಮ ಕಣ್ಣು ಎಲ್ಲಿ ನೆಟ್ಟಿತ್ತು ಅಂತ ರಾತ್ರಿ ನೆನಪಿಸಿಕೊಳ್ಳಿ. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಬೀಗ ರಿಪೇರಿ ಮಾಡುವವನ ಬೆರಳು ಇರಬಹುದು, ರೊಟ್ಟಿ ಬಡಿಯುವಾಗ ಅಮ್ಮನ ಕೈಯಲ್ಲಿ ಅದು ತಾನೇ ಸುತ್ತುವ ರೀತಿ ಇರಬಹುದು. ಮೊದಲು ಕನ್ನಡದಲ್ಲಿ ‘ನನಗೆ’ ಹಾಕಿ ಬರೆಯಿರಿ. ಆಮೇಲೆ ‘ಐ ಫೈಂಡ್ ಇಟ್ ಫ್ಯಾಸಿನೇಟಿಂಗ್ ಹೌ...’ ಅಂತ ಇಂಗ್ಲಿಷ್ ಮಾಡಿ. ಕೊನೆಗೆ ಅದನ್ನೇ ತಿರುವಿ ‘ಐ ಆಮ್ ಫ್ಯಾಸಿನೇಟೆಡ್ ಬೈ...’ ಅಂತ ಇನ್ನೊಮ್ಮೆ ಬರೆಯಿರಿ. ಜೋರಾಗಿ ಓದಿ. ಪಕ್ಕದ ರೂಮಿನವರು ಬೈದರೆ ಮೆಲ್ಲಗೆ ಓದಿ.

ಸೇಡಂ ಕಡೆಯ ಹುಡುಗನೊಬ್ಬ ಏಳನೇ ದಿನ ತಂದು ತೋರಿಸಿದ ಸಾಲು ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ: "ಐ ಫೈಂಡ್ ಇಟ್ ಫ್ಯಾಸಿನೇಟಿಂಗ್ ಹೌ ಮೈ ಗ್ರ್ಯಾಂಡ್‌ಮದರ್ ನೋಸ್ ದಿ ರೇನ್ ಈಸ್ ಕಮಿಂಗ್ ಬೈ ಸ್ಮೆಲ್ಲಿಂಗ್ ದಿ ತೊಗರಿ ಫೀಲ್ಡ್." ತೊಗರಿಗೆ ಇಂಗ್ಲಿಷ್ ಏನ್ರಿ ಸರ್ ಅಂತ ಕೇಳಿದ. ಹಂಗೇ ಇರಲಿ ಬಿಡಪ್ಪಾ ಅಂದೆ.